ಕಾಶವ್ವ ಬಾಗಿಲು ಹೊತ್ತು ನಿಂತಿದ್ದಾಳೆ

ಒಂದು ಒಳ್ಳೆಯ ಚಿತ್ರ ಬಂದಿದೆ, ನೋಡಿ ಬನ್ನಿ ಎಂದು ನಮ್ಮೂರಿನ ಮಂದಿಗೆ ಹೇಳಿದರೆ ಅವರು ಕೇಳುವುದು ಒಂದೇ ಮಾತು: "ಫೈಟ್ ಎಷ್ಟದಾವು?" ಕಥೆ ಏನು ಅನ್ನುವುದಿಲ್ಲ, ಯಾರಿದ್ದಾರೆ ಅನ್ನುವುದಿಲ್ಲ. ಸಂತೆಯಲ್ಲಿ ಬದನೆಕಾಯಿ ಹಿಚುಕಿ ನೋಡಿದ ಹಾಗೆ, ಫೈಟ್ ಎಷ್ಟದಾವು. ಈ ಪ್ರಶ್ನೆ ಕೇಳಿದವರ ಸೈಕಲ್ಲಿನ ಗಾಳಿ ಬಿಟ್ಟು ಬಂದವನು ನಾನು. ಒಬ್ಬನ ಜೊತೆ ಕೈ ಕೈ ಮಿಲಾಯಿಸಿದ್ದೂ ಉಂಟು. ಆಗ ಸುತ್ತ ನೆರೆದವರು ಶಿಳ್ಳೆ ಹೊಡೆದು ನೋಡಿದರು. ಫೈಟ್ ಸಿಕ್ಕಿತಲ್ಲ, ಅವರಿಗೆ ಅಷ್ಟೇ ಸಾಕು.

ನನ್ನ ಹೆಸರು ಫಕೀರೇಶ. ಶಾಂತಕ್ಕನ ಟಾಕೀಸಿನಲ್ಲಿ ಕೂಗುವ ಕೆಲಸ ನನ್ನದು. ಮೂರು ಗಾಲಿಯ ಸೈಕಲ್ಲಿನ ಎರಡೂ ಮಗ್ಗುಲಿಗೆ ಪೋಸ್ಟರು, ಮೇಲೆ ಸ್ಪೀಕರಿನ ಭೋಂಗಾ, ಕೈಯಲ್ಲಿ ಮೈಕು. ಊರ ಓಣಿ ಓಣಿ ತಿರುಗಿ, ಇವತ್ತು ಯಾವ ಚಿತ್ರ, ಎಷ್ಟು ಆಟ ಎಂದು ಕೂಗಬೇಕು. ಎಂಟನೇ ಇಯತ್ತೆಯಲ್ಲಿ ಮಾಸ್ತರರ ಬೆತ್ತ ಕಸಿದು, ಮುರಿದು, ಕಿಟಕಿಯಿಂದ ಹೊರಗೆ ಎಸೆದು ಸಾಲಿ ಬಿಟ್ಟವನಿಗೆ ಈ ಊರಲ್ಲಿ ಸಿಕ್ಕ ಕೆಲಸ ಇದು. ದೊಡ್ಡ ಗಂಟಲಿದೆ, ಒಳಗೆ ಸಿಟ್ಟೂ ಇದೆ. ಮೈಕಿಗೆ ಎರಡೂ ಒಳ್ಳೆಯದೇ ಎಂದು ಶಾಂತಕ್ಕ ನನ್ನನ್ನು ಇಟ್ಟುಕೊಂಡಳು. ಗಂಡ ತೀರಿದ ಮೇಲೆ ಟಾಕೀಸು ನಡೆಸುವವಳು ಅವಳೇ. ಟಿಕೀಟು ಹರಿಯುವವಳೂ ಅವಳೇ, ಕುಡಿದು ಬಂದವರ ಕೊರಳಪಟ್ಟಿ ಹಿಡಿದು ಹೊರಗೆ ಹಾಕುವವಳೂ ಅವಳೇ.

ನಮ್ಮ ಟಾಕೀಸಿನಲ್ಲಿ ಪರದೆಯ ಮೇಲಿನವರಿಗೆ ಕೆಳಗೆ ಕೂತವರು ಕಾಣುತ್ತಾರೆ. ಅದಕ್ಕೇ ನಮ್ಮ ಹೆಂಗಸರು ಸಿನಿಮಾಕ್ಕೆ ಹೊರಡುವಾಗ ತಲೆ ಬಾಚಿ ಹೂವು ಮುಡಿಯುತ್ತಾರೆ, ಗಂಡಸರು ಬೀಡಿಯನ್ನು ಬಾಗಿಲಲ್ಲೇ ಆರಿಸಿ ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ. ನಡುವೆ ಎದ್ದು ಹೋಗಬೇಕಾದರೆ "ಕೂಸು ಅಳಾಕತ್ತೈತ್ರಿ, ಬರ್ತೀವಿ" ಎಂದು ಪರದೆಗೆ ಹೇಳಿ ಹೋಗುವುದು ಪದ್ಧತಿ. ಹೇಳದೆ ಎದ್ದರೆ ಹೀರೋಯಿನ್ನು ಮಾತು ಮರೆತು ಬಾಯಿ ಬಿಡುತ್ತಾಳೆ. ಗೊರಕೆ ಹೊಡೆಯುವ ಮುದುಕರನ್ನು ಪೊಲೀಸ್ ವೇಷದವನು "ಏ ಯಜಮಾನ" ಎಂದು ಎಬ್ಬಿಸುತ್ತಾನೆ. ಕೆಳಗೆ ಮಂದಿ ಕಡಿಮೆ ಅನ್ನಿಸಿದರೆ ಮೇಲಿನವರು ಆಟ ನಿಲ್ಲಿಸಿಬಿಡುತ್ತಾರೆ. ವಿಲನ್ನು ಕತ್ತಿ ಕೆಳಗಿಟ್ಟು ಹೀರೋನ ಹತ್ತಿರ ತಂಬಾಕು ಕೇಳುತ್ತಾನೆ. ಸಾಯಲು ಮಲಗಿದ್ದ ತಾಯಿ ಎದ್ದು, ಮಂಚದಿಂದ ಕಾಲು ಇಳಿಬಿಟ್ಟು, ಜಡೆ ಬಿಚ್ಚಿ ಮತ್ತೆ ಹೆಣೆದುಕೊಳ್ಳುತ್ತಾಳೆ. ಎಷ್ಟು ಮಂದಿ ಇದ್ದರೆ ಸಾಕು ಎಂದು ಯಾರೂ ಹೇಳಲಾರರು. ಅವರಿಗೆ ಸಾಕು ಅನ್ನಿಸಬೇಕು, ಅಷ್ಟೇ.

ಇನ್ನು ಮಂದಿ ತುಂಬಿದರೆ ಮೇಲಿನವರ ಗತ್ತೇ ಬೇರೆ. 'ಬೆಂಕಿ ಭರಮ' ಎಂಬ ಚಿತ್ರ ನಮ್ಮೂರಿಗೆ ಬಂದು ಎಷ್ಟೋ ತಿಂಗಳಾಗಿತ್ತು. ಬಂದಾಗ ಉಳಿದ ಚಿತ್ರಗಳಷ್ಟೇ ಉದ್ದವಿತ್ತು. ಒಂದು ಶಿಳ್ಳೆಗೆ ಭರಮ ಒಂದು ಫೈಟು ಜಾಸ್ತಿ ಮಾಡಿದ, ಚಿಲ್ಲರೆ ಕಾಸು ಎಸೆದವರಿಗಾಗಿ ಇನ್ನೊಂದು ಹಾಡು ಹಾಡಿದ. ಹಾಗೆ ಬೆಳೆದೂ ಬೆಳೆದೂ, ಮಧ್ಯಾಹ್ನ ಆಟಕ್ಕೆ ಹೋದವರು ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತು ದಾಟಿರುತ್ತಿತ್ತು. ಊಟದ ಡಬ್ಬಿ ಕಟ್ಟಿಕೊಂಡೇ ಹೋಗುತ್ತಿದ್ದರು. ಒಂದೇ ಆಟವನ್ನು ಮತ್ತೆ ಮತ್ತೆ ಹಾಗೇ ಆಡಿಸಿದರೆ ರೀಲೂ ಅದಕ್ಕೇ ಒಗ್ಗಿ ಕೂತುಬಿಡುತ್ತದೆ. ಹಿಂದೊಮ್ಮೆ ಒಬ್ಬ ಸಾಧುವಿನ ಚಿತ್ರ ಬಂದಿತ್ತು. ನಮ್ಮವರು ಸಾಧುವನ್ನು ಕುಣಿಸಿ ಕುಣಿಸಿ ಕಳಿಸಿದರು. ಅವನು ಮುಂದೆ ಹೋದ ಊರಿನಲ್ಲೆಲ್ಲ ಕಮಂಡಲ ಹಿಡಿದು ಕುಣಿದನಂತೆ. ಚಿತ್ರ ಕಳಿಸುವ ಕಂಪನಿಯವರು ಬಂದು ಶಾಂತಕ್ಕನಿಗೆ ಬಾಯಿಗೆ ಬಂದಂತೆ ಬೈದು ಹೋದರು.

ಯಾರೂ ಕೇಳದ ಚಿತ್ರಗಳೂ ಬರುತ್ತಿದ್ದವು. ಮದುವೆಮನೆಗೆ ಹೊರಟ ಬ್ಯಾಂಡ್‌ಸೆಟ್ಟಿನವರು ಹಾದಿ ತಪ್ಪಿ ಸತ್ತವರ ಮನೆಗೆ ಹೋಗುವ ಒಂದು ಚಿತ್ರ. ಇಬ್ಬರು ಸವತಿಯರು ಸೇರಿ ಒಂದು ಎಮ್ಮೆ ಸಾಕುವ ಇನ್ನೊಂದು ಚಿತ್ರ. ಇವನ್ನೆಲ್ಲ ನಾನು ಅರ್ಧವಷ್ಟೇ ನೋಡಿದ್ದೇನೆ. ಮಂದಿ ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದರು, ಮೇಲಿನವರು ಕೆಲಸ ನಿಲ್ಲಿಸುತ್ತಿದ್ದರು. ಬ್ಯಾಂಡಿನವರು ಸತ್ತವರ ಮನೆಯ ಅಂಗಳದಲ್ಲಿ ಕ್ಲಾರಿನೆಟ್ಟು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತ ಕೂತಿದ್ದರು. ಬಾರಿಸಿದರೋ ಇಲ್ಲವೋ, ಬಾರಿಸಿದ್ದರೆ ಏನು ಬಾರಿಸುತ್ತಿದ್ದರು, ಇವತ್ತಿಗೂ ನನಗೆ ತಿಳಿಯದು. ನನ್ನ ಸಿಟ್ಟಿಗೆ ಕಾರಣ ಕೇಳುವವರಿಗೆ ಇದನ್ನೇ ಹೇಳುತ್ತೇನೆ.

ಇವೆಲ್ಲಕ್ಕಿಂತ ಮೊದಲು ಕಾಶವ್ವ.

ಬೆತ್ತ ಮುರಿದು ಸಾಲಿ ಬಿಟ್ಟ ದಿನ ನಾನು ಮನೆಗೆ ಹೋಗಲಿಲ್ಲ. ಟಾಕೀಸಿನ ಹಿಂದಿನ ತಗಡು ಸರಿಸಿ ಒಳಗೆ ಹೊಕ್ಕೆ. 'ಕಾಶವ್ವನ ಪಾಲು' ಎಂಬ ಕಪ್ಪುಬಿಳಿ ಚಿತ್ರ ನಡೆದಿತ್ತು. ಅಣ್ಣತಮ್ಮಂದಿರು ಪಂಚರನ್ನು ಕೂರಿಸಿ ಮನೆ ಪಾಲು ಮಾಡುತ್ತಿದ್ದಾರೆ. ದೊಡ್ಡವನಿಗೆ ಪಡಸಾಲೆ, ನಡುವಿನವನಿಗೆ ಅಡುಗೆಮನೆ, ಸಣ್ಣವನಿಗೆ ಹಿತ್ತಲು. ಗಂಡ ಬಿಟ್ಟು ತವರಿಗೆ ಬಂದ ತಂಗಿ ಕಾಶವ್ವನಿಗೆ ಏನು ಎಂದು ಒಬ್ಬ ಮುದುಕ ಕೇಳುತ್ತಾನೆ. ದೊಡ್ಡಣ್ಣ ನಗುತ್ತ, "ಆಕಿಗೆ ಬಾಗಲಾ ಇರಲಿ ಬಿಡ್ರಿ, ಬರಾಕ ಹೋಗಾಕ" ಅನ್ನುತ್ತಾನೆ. ಎಲ್ಲರೂ ನಗುತ್ತಾರೆ. ಕಾಶವ್ವ ನಗುವುದಿಲ್ಲ. "ಆತು, ಕೊಡ್ರಿ ಮತ್ತ" ಎಂದು ಹಾರೆ ತಂದು, ಹೆಬ್ಬಾಗಿಲನ್ನು ಚೌಕಟ್ಟು ಸಮೇತ ಕಿತ್ತು, ತಲೆಯ ಮೇಲೆ ಸಿಂಬಿ ಇಟ್ಟು ಹೊತ್ತು ನಡೆದುಬಿಡುತ್ತಾಳೆ. ಹಿಂದೆ ಮನೆಯೊಳಕ್ಕೆ ಊರ ನಾಯಿಗಳೆಲ್ಲ ನುಗ್ಗುತ್ತವೆ.

ಅಲ್ಲಿಂದ ದಾರಿಯ ಕಥೆ. ಹೆಣ ಹೊತ್ತಿದ್ದಾಳೆ ಎಂದು ಹೊಲದವರು ಎದ್ದು ನಿಂತು ಕೈಮುಗಿಯುತ್ತಾರೆ. ಬಿಸಿಲಿಗೆ ಅದೇ ಬಾಗಿಲು ನೆರಳು, ರಾತ್ರಿಗೆ ಅದೇ ಹಾಸಿಗೆ. ಕಡೆಗೆ ಒಂದು ಹೊಳೆ ಬರುತ್ತದೆ. ಮಂದಿಯನ್ನು ದಾಟಿಸ್ತೀನಿ, ಬಾಗಿಲನ್ನಲ್ಲ ಅನ್ನುತ್ತಾನೆ ಅಂಬಿಗ. ಅಷ್ಟರಲ್ಲಿ ಹಾಲಿನಲ್ಲಿ ನಾನೊಬ್ಬನೇ ಉಳಿದಿದ್ದೆ. ಕಾಶವ್ವ ಬಾಗಿಲು ಇಳಿಸಿ ಅದರ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ನನ್ನತ್ತ ನೋಡಿದಳು.

"ಸಾಲಿ ಇಲ್ಲೇನಪಾ ಇವತ್ತು?"

"ಬಿಟ್ಟೆ."

"ಬಿಟ್ಟಿಯೋ, ಬಿಡಿಸಿದರೋ?"

ನಾನು ಅತ್ತೆ. ಮಾಸ್ತರರ ಏಟಿಗೆ ಎಂದೂ ಅಳದವನು ಆ ಮಾತಿಗೆ ಅತ್ತುಬಿಟ್ಟೆ. ಅವಳು ಸಮಾಧಾನ ಹೇಳಲಿಲ್ಲ, ಬುದ್ಧಿಯೂ ಹೇಳಲಿಲ್ಲ. ಅಳು ನಿಂತ ಮೇಲೆ ನಾನು ಕೇಳಿದೆ, "ಮುಂದ ಏನಾಗ್ತೈತಿ?" ಅವಳು, "ನೀನೊಬ್ಬನ ಇದ್ದರ ಹೆಂಗಪಾ? ನಾಕ ಮಂದೀನ ಕರಕೊಂಡು ಬಾ, ಹೊಳಿ ದಾಟ್ತೀನಿ" ಅಂದಳು. ಕರಕೊಂಡು ಬರ್ತೀನಿ ಅಂದೆ. ಮರುದಿನ ಆ ಚಿತ್ರ ಊರು ಬಿಟ್ಟು ಹೋಯಿತು.

ಆಮೇಲೆ ನಾನು ಮೈಕು ಹಿಡಿದೆ, ವರ್ಷಗಟ್ಟಲೆ ಭರಮನಂಥವರನ್ನೇ ಕೂಗಿದೆ. ಹೋದ ಬೇಸಿಗೆಯಲ್ಲಿ ಒಂದು ದಿನ ಭರಮ ಆಟದ ನಡುವೆ ನಿಂತು, ಗಂಟಲು ಹಿಡಿದುಕೊಂಡು, "ಅಕ್ಕಾರ, ದನಿ ಹೋಗೇತ್ರಿ. ಒಂದು ವಾರ ಬಿಡ್ರಿ ನನ್ನ" ಎಂದು ಗೊಗ್ಗರು ದನಿಯಲ್ಲಿ ಶಾಂತಕ್ಕನನ್ನು ಬೇಡಿಕೊಂಡ. ಶಾಂತಕ್ಕ ತಲೆ ಚಚ್ಚಿಕೊಂಡು, ಒಂದು ವಾರದ ಮಟ್ಟಿಗೆ ಯಾವುದಾದರೂ ಅಗ್ಗದ ಚಿತ್ರ ಕಳಿಸಿ ಎಂದು ಕಂಪನಿಗೆ ಫೋನು ಮಾಡಿದಳು. ಶುಕ್ರವಾರ ಬೆಳಿಗ್ಗೆ ಬಸ್ಸಿನ ಮೇಲಿಂದ ರೀಲಿನ ಪೆಟ್ಟಿಗೆ ಇಳಿಸಿಕೊಂಡು ನೋಡಿದರೆ 'ಕಾಶವ್ವನ ಪಾಲು'.

ಆ ದಿನ ಭೋಂಗಾ ಹರಿಯುವ ಹಾಗೆ ಕೂಗಿದೆ. ಯಾರೂ ಬರಲಿಲ್ಲ. ಬಂದ ಒಬ್ಬಿಬ್ಬರು, ಕಪ್ಪುಬಿಳಿ ಎಂದು ಗೊತ್ತಾದ ಕೂಡಲೇ ಪರದೆಗೂ ಹೇಳದೆ ಎದ್ದರು. ಪಾಲಿನ ಪಂಚಾಯಿತಿ ನಡೆಯುತ್ತಿದ್ದಂತೆ ಅಣ್ಣತಮ್ಮಂದಿರು ಮಾತು ನಿಲ್ಲಿಸಿ ಅಡಿಕೆ ಕತ್ತರಿಸತೊಡಗಿದರು. ಮೂಲೆಯಲ್ಲಿ ಕೂತಿದ್ದ ಕಾಶವ್ವ ನನ್ನನ್ನು ಗುರುತು ಹಿಡಿದಳು. "ಮೀಸಿ ಬಂದಾವಲ್ಲೋ" ಎಂದು ನಕ್ಕಳು. ಆಮೇಲೆ ಖಾಲಿ ಬೆಂಚುಗಳ ಮೇಲೆ ಕಣ್ಣಾಡಿಸಿ, "ಮಂದಿ ಎಲ್ಲಿ?" ಅಂದಳು.

ಆ ಎರಡು ಮಾತಿಗೆ ನಾನು ತಲೆ ಕೆಟ್ಟವನಂತಾದೆ. ಭಾನುವಾರ ಬೆಳಿಗ್ಗೆಯೇ ಸೈಕಲ್ಲು ತೆಗೆದೆ. ಮೊದಲು ಗರಡಿಮನೆ. ಅಲ್ಲಿ ಹುಡುಗರಿಗೆ ಪಟ್ಟು ಕಲಿಸುವ ಕಲ್ಲಪ್ಪ ಉಸ್ತಾದರು ಮೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ಫೈಟ್ ಎಷ್ಟದಾವಲೇ?" ಅಂದರು. "ಫೈಟ್ ಅಂತೀರಿ? ಒಬ್ಬಾಕಿ ಹೆಬ್ಬಾಗಿಲಾ ಕಿತ್ತು ತಗೊಂಡು ಊರ ಗಂಡಸರನೆಲ್ಲಾ ಸದಬಡೀತಾಳ್ರಿ ಉಸ್ತಾದ್ರ!" ಅಂದೆ. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರಿಗೆ, "ಅಳೂದು ಅಂದ್ರ ಅಳೂದು, ಸೆರಗ ಹಿಂಡಬೇಕ್ರಿ" ಅಂದೆ. ಬಸ್ ಸ್ಟ್ಯಾಂಡಿನ ಹೋಟೆಲಿನ ಹುಡುಗರಿಗೆ, ಹೊಳೆಯಲ್ಲಿ ಒದ್ದೆ ಸೀರೆಯ ಹಾಡು ಇದೆ ಅಂದೆ. ಯಾರಿಗೆ ಯಾವುದರ ಹಸಿವೋ ಅದನ್ನೇ ಬಡಿಸಿದೆ. ಮಂದಿ ಒಳಗೆ ಹೋಗಿ ಕೂತರೆ ಸಾಕು, ಉಳಿದದ್ದನ್ನು ಕಾಶವ್ವ ನೋಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ.

ಹಾಲು ತುಂಬಿತು. ಶಾಂತಕ್ಕ ಹೊರಗಿನಿಂದ ಬೆಂಚು ತರಿಸಿ ಹಾಕಿದಳು. ಪಾಲಿನ ಪಂಚಾಯಿತಿ ಮುಗಿಯಿತು, ಬಾಗಿಲು ಹೊರಟಿತು, ನನಗೆ ಎದೆ ಉಬ್ಬಿ ಬಂತು. ಹೊಳೆ ಬಂತು. ಅಂಬಿಗ ಇನ್ನೂ ಬಾಯಿ ತೆರೆದಿರಲಿಲ್ಲ, ಗರಡಿಯ ಹುಡುಗರಲ್ಲೊಬ್ಬ, "ಏ ಫೈಟ್ ಎಲ್ಲೈತಲೇ?" ಎಂದು ಕೂಗಿದ. "ಹೌದಲ್ಲ, ಯಾವಾಗ ಬಡೀತಾಳಾಕಿ?" ಎಂದು ಇನ್ನೊಬ್ಬ. ಬೆಂಚು ಗುದ್ದುವ ಸದ್ದು ಎದ್ದಿತು. ಕಾಶವ್ವ ನಿಂತಳು. ಅಂಬಿಗನ ಮುಖ ನೋಡಿದಳು, ಅವನು ಇವಳ ಮುಖ ನೋಡಿದ. ಆಮೇಲೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು, ಅಂಬಿಗನತ್ತ ಬೀಸಿದಳು.

ಶಿಳ್ಳೆಯೋ ಶಿಳ್ಳೆ. ಅಂಬಿಗ ನೀರಿಗೆ ಬಿದ್ದ. ಹಿಂದೆ ಎಲ್ಲೋ ಮನೆಯಲ್ಲಿ ಉಳಿದಿರಬೇಕಾಗಿದ್ದ ಅಣ್ಣತಮ್ಮಂದಿರು ಧೋತರ ಎತ್ತಿಕಟ್ಟಿ ಓಡಿ ಬಂದರು, ಏಟು ತಿಂದು ಬಿದ್ದರು. ಹೆಂಗಸರು ಅಳು ಎಲ್ಲಿ ಎಂದದ್ದಕ್ಕೆ ಸಣ್ಣ ತಮ್ಮ ಅಲ್ಲೇ ಸತ್ತ, ಕಾಶವ್ವ ಎದೆ ಬಡಿದುಕೊಂಡಳು. ಹೋಟೆಲಿನ ಹುಡುಗರು ಕೂಗಿದ್ದಕ್ಕೆ ಸತ್ತ ತಮ್ಮನೂ ಎದ್ದು, ಎಲ್ಲರೂ ಹೊಳೆಗಿಳಿದು ಹಾಡು ಹಾಡಿದರು. ಬಾಗಿಲು ಬೀಸುವಾಗೊಮ್ಮೆ ಕಾಶವ್ವ ನನ್ನ ಕಡೆ ನೋಡಿದಳು. ಸಿಟ್ಟೇನೂ ಇರಲಿಲ್ಲ. ಹೊಟ್ಟೆ ತುಂಬ ಉಂಡು ಬಂದ ಮೇಲೂ, ಬೀಗರ ಮನೆಯಲ್ಲಿ ಒಲ್ಲೆ ಅನ್ನಲಾಗದೆ ಮತ್ತೊಮ್ಮೆ ಎಲೆಯ ಮುಂದೆ ಕೂತವರ ಮುಖ ಅದು. ಹಾಡು ಮುಗಿಯುತ್ತಲೇ ಮಂದಿ ತೃಪ್ತಿಯಿಂದ ಎದ್ದರು, ಆಟವೂ ಅಲ್ಲಿಗೆ ನಿಂತಿತು. ಹೊಳೆ ದಾಟುವುದು ಆ ದಿನವೂ ಆಗಲಿಲ್ಲ.

"ಫಕೀರ್ಯಾ, ಬಂಗಾರದಂಥಾ ಚಿತ್ರಲೇ!" ಎಂದು ಶಾಂತಕ್ಕ ನನ್ನ ಬೆನ್ನು ತಟ್ಟಿದಳು. ನಾನು ಅವಳ ಕೈ ಕೊಡವಿ ಹೊರಗೆ ಹೊರಟೆ.

ಸೋಮವಾರ ಮಂದಿ ಇನ್ನೂ ಹೆಚ್ಚು. ಈ ಸಲ ಯಾರೂ ಕೇಳುವುದೇ ಬೇಕಿರಲಿಲ್ಲ, ಕಾಶವ್ವ ಪಂಚಾಯಿತಿಯಲ್ಲೇ ಬಾಗಿಲು ಬೀಸತೊಡಗಿದ್ದಳು. ಮಂಗಳವಾರ ಆಟ ಬಿಟ್ಟ ಮೇಲೆ ನಾನು ಒಳಗೇ ಉಳಿದೆ. ಮೇಲಿನ ಕೋಣೆಯಲ್ಲಿ ಚಿತ್ರದ ಮಶೀನು ನಡೆಸುವ ಮೌಲಾ ಕಾಕಾ ಅದನ್ನು ಆರಿಸುವ ಮುಂಚೆ ಒಂದು ಬೀಡಿ ಸೇದುತ್ತಾನೆ. ಅಷ್ಟು ಹೊತ್ತು ಪರದೆಯ ಮೇಲೆ ಬೆಳಕಿರುತ್ತದೆ. ಕಾಶವ್ವ ದಂಡೆಯ ಮೇಲೆ ಕೂತು ಬಾಗಿಲನ್ನು ಕೈಯಿಂದ ಸವರುತ್ತಿದ್ದಳು. ನಡುವಿನ ಹಲಗೆ ಮೇಲಿಂದ ಕೆಳಗಿನವರೆಗೆ ಸೀಳಿತ್ತು.

"ಮಂದೀನ ಕರಕೊಂಡು ಬಂದಿ, ಛಲೋ ಆತಪಾ" ಅಂದಳು. "ಆದರ ಇವರು ಏನ ನೋಡಾಕ ಬಂದಾರ?"

ಅವಳು ಸೀಳಿನೊಳಗೆ ಬೆರಳಾಡಿಸಿದಳು.

"ಕೇಳಿದ್ದು ಕೊಡಬಾರದು ಅಂತಲ್ಲ. ಮನಿ ಮಟಾ ಬಂದವರಿಗೆ ಇಲ್ಲ ಅನ್ನಾಕ ಆಗೂದಿಲ್ಲ ನಮಗ. ಆದರ ನನ್ನ ಪಾಲಿಗೆ ಬಂದದ್ದು ಇದೊಂದ ನೋಡು. ಇದೂ ಮುರದ ಹೋತಂದ್ರ ನಾ ಏನ ಹೊತಗೊಂಡು ಹೋಗ್ಲಿ?"

ಮಶೀನು ಆರಿತು. ಕತ್ತಲಲ್ಲಿ ನಾನು ಬೆಂಚಿಗೆ ಒದ್ದೆ, ಕಾಲಿಗೆ ಪೆಟ್ಟಾಯಿತು. ಫೈಟು ಕೇಳಿದವರ ಮೇಲೆ ಇಷ್ಟು ವರ್ಷ ಹಲ್ಲು ಕಡಿದವನು ನಾನು. ಫೈಟ್ ಇದೆ ಎಂದು ಊರೆಲ್ಲ ಸಾರಿದವನೂ ನಾನೇ. ಗುರುವಾರ ಚಿತ್ರದ ಕಡೆಯ ದಿನ. ಹೀಗೇ ಕಳಿಸಿದರೆ ಅವಳು ಮುಂದಿನ ಊರಿಗೂ ಬಾಗಿಲು ಬೀಸುತ್ತಲೇ ಹೋಗುತ್ತಾಳೆ, ಅದು ಚೂರುಚೂರಾಗುವ ತನಕ.

ಬುಧವಾರ ಬೆಳಿಗ್ಗೆ ಬಜಾರದ ನಡುವೆ ಸೈಕಲ್ಲು ನಿಲ್ಲಿಸಿ ಮೈಕು ಹಿಡಿದೆ. "ಕೇಳ್ರಪಾ ಕೇಳ್ರಿ! 'ಕಾಶವ್ವನ ಪಾಲು' ಚಿತ್ರದೊಳಗ ಫೈಟ್ ಇಲ್ಲ. ಹಾಡಿಲ್ಲ. ನಾ ಹೇಳಿದ್ದೆಲ್ಲಾ ಸುಳ್ಳು. ಒಬ್ಬ ಹೆಣಮಗಳು ಬಾಗಲಾ ಹೊತಗೊಂಡು ಹೊಂಟಾಳ, ಅಷ್ಟ. ಬಡದಾಡೂದು ನೋಡಾಕ ಬರಾವರು ಬರಬ್ಯಾಡ್ರಿ, ಮನ್ಯಾಗ ಇರ್ರಿ!" ಮಂದಿ ಬಾಯಿ ತೆರೆದು ನಿಂತರು. ಬಾಳೆಹಣ್ಣು ಮಾರುವವನು, "ಇಂವಗ ಬಿಸಲ ಏರೇತಿ" ಅಂದ. ಯಾರು ಹೋಗಿ ಹೇಳಿದರೋ, ಶಾಂತಕ್ಕ ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದು ಮೈಕು ಕಿತ್ತುಕೊಂಡಳು.

"ತುಂಬಿದ ಹಾಲಿಗೆ ಮಣ್ಣ ಹಾಕ್ತೀಯೇನೋ ಭಾಡ್ಯಾ? ಯಾವಂಗರ ಚಿತ್ರ ನೋಡಬ್ಯಾಡ್ರಿ ಅಂತ ಕೂಗಾಕ ಪಗಾರ ಕೊಡ್ತಾರೇನು?"

"ಆ ಬಾಗಲಾ ಸೀಳೈತ್ರಿ ಅಕ್ಕಾರ. ನೋಡೀರಿಲ್ಲೋ?"

"ಸೀಳಲಿ ಬಿಡು. ನಮ್ಮನಿ ಬಾಗಲಾ ಅಲ್ಲಲ್ಲ."

"ಆಕೀದು ಐತ್ರಿ."

"ಹಂಗಾರ ಆಕೀ ಹಂತ್ಯಾಕ ಕೆಲಸ ಕೇಳು ಹೋಗು!" ಎಂದು ಸೈಕಲ್ಲನ್ನೂ ತಳ್ಳಿಕೊಂಡು ಹೋದಳು. ಕೆಲಸ ಹೋಯಿತು.

ಮನೆಗೆ ಬಂದು ಮೂಲೆಯಲ್ಲಿ ಕೂತೆ. ನಮ್ಮ ಮನೆ ಒಂದೇ ಕೋಣೆ. ನಡುವೆ ಒಂದು ಹಳೆಯ ಸೀರೆ ಕಟ್ಟಿದ್ದೇವೆ. ಅದರ ಆ ಕಡೆ ಅಕ್ಕ, ಸಾವಂತ್ರಿ. ಅವಳು ಗಂಡನ ಮನೆಯಿಂದ ಬಂದು ಎಷ್ಟೋ ವರ್ಷವಾಯಿತು. ಹಗಲೆಲ್ಲ ಹೊಲಿಗೆ ಮಶೀನು ತುಳಿಯುತ್ತಾಳೆ. ಸಿನಿಮಾಕ್ಕೆ ಹೋಗುವುದೇ ಇಲ್ಲ. ಬಂದ ಹೊಸದರಲ್ಲಿ ಒಮ್ಮೆ ಹೋಗಿದ್ದಳು. ಪರದೆಯ ಮೇಲಿನ ಅತ್ತೆಯೊಬ್ಬಳು ಸಂಸಾರದ ಮಾತನ್ನು ಅಲ್ಲಿಗೇ ಬಿಟ್ಟು, "ಯಾಕವಾ, ಒಬ್ಬಾಕೀನ ಬಂದಿ? ಯಜಮಾನರು ಬರಲಿಲ್ಲೇನು?" ಎಂದು ಇಡೀ ಹಾಲಿಗೆ ಕೇಳುವಂತೆ ವಿಚಾರಿಸಿದ್ದಳಂತೆ. ಆ ದಿನದಿಂದ ಟಾಕೀಸಿನ ದಾರಿಯನ್ನೇ ಬಿಟ್ಟಳು.

ಮಶೀನಿನ ಸದ್ದು ನಿಂತಿತು. "ಏನಾತು? ಯಾರನ್ನ ಹೊಡದು ಬಂದಿ?" ಅಕ್ಕ ಸೀರೆಯ ಆಚೆಯಿಂದಲೇ ಕೇಳಿದಳು.

"ಕೆಲಸ ಹೋತು."

"ಬಂಗಾರದ ಕೆಲಸ ನೋಡು. ಯಾಕ?"

ಹೇಳಿದೆ. ಸಿಟ್ಟಿನಲ್ಲೇ ಹೇಳಿದೆ. ಪಾಲು ಮಾಡಿದ್ದು, ನಕ್ಕದ್ದು, ಹಾರೆ ತಂದದ್ದು, ನಾಯಿ ನುಗ್ಗಿದ್ದು, ಹೊಲದವರು ಕೈಮುಗಿದದ್ದು, ಹೊಳೆ, ಅಂಬಿಗ. ನಾನು ನಿಲ್ಲಿಸಿದೆ. ಸೀರೆ ಸರಿಯಿತು. ಅವಳ ಬಾಯಲ್ಲಿ ಇನ್ನೂ ದಾರದ ತುಣುಕಿತ್ತು.

"ಮುಂದ?"

"ಗೊತ್ತಿಲ್ಲ."

"ಗೊತ್ತಿಲ್ಲಂದ್ರ? ಹೊಳಿ ದಾಟಿದಳೋ ಇಲ್ಲೋ?"

"ನಾನೂ ನೋಡಿಲ್ಲಕ್ಕಾ. ಯಾರೂ ನೋಡಿಲ್ಲ."

"ಥೂ, ಅರ್ಧಾ ಕತಿ ಹೇಳಾಕ ಯಾಕ ಬಂದ್ಯೋ ಮೂಳಾ?" ಎಂದು ದಾರ ಉಗುಳಿದಳು. "ಹೊಳಿ ದಾಟಿದರೂ ಆ ಬಾಗಲಾ ಎಲ್ಲಿ ಹಚ್ಚತಾಳಾಕಿ? ಬಾಗಲಕ್ಕ ಗ್ವಾಡಿ ಬೇಕಲ್ಲ." ಮಶೀನಿನ ಮುಂದೆ ಕೂತಳು, ತುಳಿಯಲಿಲ್ಲ. "ನಾಳೆ ಎಷ್ಟಕ್ಕೈತಿ ಆಟ?" ಅಂದಳು.

ನಾನು ಎದ್ದು ಹೊರಗೆ ಓಡಿದೆ. ಮೈಕಿರಲಿಲ್ಲ, ಸೈಕಲ್ಲಿರಲಿಲ್ಲ. ಬಾಯಿ ಇತ್ತಲ್ಲ. ಗರಡಿಗೆ ಹೋದೆ. ಕಲ್ಲಪ್ಪ ಉಸ್ತಾದರು ನನ್ನನ್ನು ನೋಡಿದ ಕೂಡಲೇ, "ಬಾರಲೇ ಸುಳ್ಳಾ" ಎಂದರು. ಅವರ ಎದುರು ಕುಕ್ಕರಗಾಲಲ್ಲಿ ಕೂತು, ಫೈಟ್ ಇಲ್ಲದ ಕಥೆಯನ್ನು ಇದ್ದಂತೆ ಹೇಳಿದೆ, ಹೊಳೆಯ ತನಕ. ಅವರು ಕುಸ್ತಿ ಕಣದ ಮಣ್ಣು ಸರಿಪಡಿಸುತ್ತ ಕೇಳಿದರು. "ನಂಗೂ ಅನಿಸಿತ್ತು" ಅಂದರು ಕಡೆಗೆ. "ಆಕಿ ಬೀಸೂದು ಕುಸ್ತಿ ಬಂದಾಕಿ ಬೀಸಿದಂಗ ಇರಲಿಲ್ಲ. ಭಾರ ಹೊತ್ತಾಕಿ ಕೈ ಅದು. ಭಾರ ಹೊತ್ತಾಕಿ ಎಲ್ಲೋ ಇಳಸಾಕ ಹೊಂಟಿರಬೇಕಲ್ಲ ಅಂತ ಅನಿಸ್ತು." ನಲ್ಲಿಯ ಹತ್ತಿರ ಹೇಳಿದೆ, ಅರ್ಧ ಜನ ಬೈದು ಕಳಿಸಿದರು. ಹೋಟೆಲಿನಲ್ಲಿ ಹೇಳಿದೆ, ಮಾಲೀಕ ನೀರು ಎರಚಿದ. ಎಲ್ಲ ಕಡೆ ಹೊಳೆಯವರೆಗೇ ಹೇಳಿ, ಮುಂದಿನದು ನನಗೂ ಗೊತ್ತಿಲ್ಲ ಎಂದು ಎದ್ದು ಬಂದೆ. ಗೊತ್ತಿಲ್ಲ ಅನ್ನುವುದು ಇಷ್ಟು ಹಗುರ ಎಂದು ನನಗೆ ತಿಳಿದಿರಲಿಲ್ಲ.

ಫೈಟ್ ಇಲ್ಲ ಎಂಬ ನನ್ನ ಕೂಗು ಊರೆಲ್ಲ ಹಬ್ಬಿತ್ತು; ಗುರುವಾರ ಮಧ್ಯಾಹ್ನ ಆಟಕ್ಕೆ ಬಂದವರು ಮೂರು ಬೆಂಚೂ ತುಂಬದಷ್ಟು. ಉಸ್ತಾದರು ಅಂಗಿ ತೊಟ್ಟು ಬಂದಿದ್ದರು. ಅವರನ್ನು ಅಂಗಿಯಲ್ಲಿ ನಾನು ನೋಡಿದ್ದು ಅದೇ ಮೊದಲು. ನಲ್ಲಿಯ ಕೆಲವು ಹೆಂಗಸರು. ಚಹಾದ ಕಪ್ಪು-ಬಸಿ ತೊಳೆಯುವ ಕೆಲಸ ಬಿಟ್ಟು ಬಂದ ಹೋಟೆಲಿನ ಒಬ್ಬ ಆಳು. ನಿದ್ದೆ ಮಾಡಲೆಂದೇ ಬರುವ ಒಬ್ಬ ಅಜ್ಜ. ನಮ್ಮಕ್ಕ ಮದುವೆಯ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಕಟ್ಟಕಡೆಯ ಬೆಂಚಿನ ಮೂಲೆಯಲ್ಲಿ ಕೂತಳು. ಶಾಂತಕ್ಕ ಟಿಕೀಟು ಹರಿಯುತ್ತ ನನ್ನ ಮುಖ ನೋಡಲಿಲ್ಲ. ಆದರೆ ನನ್ನದನ್ನೂ ಹರಿದಳು.

ಆಟ ಶುರುವಾಯಿತು. ಕಾಶವ್ವ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು, ಸೀಳಿದ ಬಾಗಿಲು ಕೈಯಲ್ಲಿ. ಬೀಸಲು ತಯಾರಾಗಿದ್ದಳು. ಯಾರೂ ಶಿಳ್ಳೆ ಹೊಡೆಯಲಿಲ್ಲ. ಅವಳು ಕಾದಳು. ಅಣ್ಣತಮ್ಮಂದಿರು ಕಾದರು. ಕೆಳಗೆ ಇಷ್ಟೇ ಮಂದಿ ಎಂದು ಕಂಡು ದೊಡ್ಡಣ್ಣ ಅಡಿಕೆ ಚೀಲ ಬಿಚ್ಚಿದ. ಮುಗಿಯಿತು, ಇನ್ನು ಕೂತುಬಿಡುತ್ತಾರೆ ಎಂದುಕೊಂಡೆ.

"ಎಲ್ಲಾರೂ ಬಂದೀರೇನು? ಇಷ್ಟ ಮಂದಿನ?" ಕಾಶವ್ವ ಕೇಳಿದಳು. "ಏನ ನೋಡಾಕ ಬಂದೀರಿ?"

ನಾನು ಬಾಯಿ ತೆರೆದೆ, ದನಿ ಬರಲಿಲ್ಲ. ಊರೆಲ್ಲ ಕೂಗುವ ಗಂಟಲು ಆಗಲೇ ಕೈ ಕೊಟ್ಟಿತು. ಹಿಂದಿನ ಬೆಂಚಿನಲ್ಲಿ ಬಳೆಯ ಸದ್ದಾಯಿತು. ಅಕ್ಕ ಎದ್ದು ನಿಂತಿದ್ದಳು.

"ಆ ಬಾಗಲಾ ಎಲ್ಲಿ ಹಚ್ಚತೀ, ಅದನ್ನ ನೋಡಾಕ ಬಂದೀವಿ" ಅಂದಳು.

ಕಾಶವ್ವ ಅವಳನ್ನು ನೋಡಿದಳು. ಯಾಕೆ ಒಬ್ಬಳೇ ಬಂದೆ ಎಂದು ಕೇಳಲಿಲ್ಲ. ಸೊಂಟದ ಸೆರಗು ಬಿಚ್ಚಿ ತಲೆಗೆ ಹೊದ್ದಳು, ಬಾಗಿಲನ್ನು ಮನೆಯ ಗೋಡೆಗೆ ತಿರುಗಿ ಸೇರಿಸಿ ಮೂಲೆಗೆ ಹೋಗಿ ಕೂತಳು. ದೊಡ್ಡಣ್ಣ ಅಡಿಕೆ ಚೀಲ ಕಟ್ಟಿ ಗಂಟಲು ಸರಿಮಾಡಿಕೊಂಡ. ಪಂಚರು ಬಂದು ಕೂತರು. ಚಿತ್ರ ಮೊದಲಿನಿಂದ ಶುರುವಾಯಿತು.

ಹೊಳೆ ಬಂತು. ಮಂದಿಯನ್ನು ದಾಟಿಸ್ತೀನಿ, ಬಾಗಿಲನ್ನಲ್ಲ ಅಂದ ಅಂಬಿಗ. ಕಾಶವ್ವ, "ಹಂಗಾರ ಬಾಗಲಾನ ನನ್ನ ದಾಟಸ್ತೈತಿ ಬಿಡು" ಎಂದು ಅದನ್ನು ನೀರಿಗೆ ಬಿಟ್ಟು, ಎದೆ ಊರಿ, ಕಾಲು ಬಡಿಯುತ್ತ ಹೊರಟಳು. ಸೀಳಿನಿಂದ ನೀರು ಚಿಮ್ಮುತ್ತಿತ್ತು. ಉಸ್ತಾದರು ತಮಗೆ ಅರಿವಿಲ್ಲದೆ ಕುಸ್ತಿಯ ಹುಡುಗನಿಗೆ ಹೇಳುವಂತೆ "ಉಸುರ ಹಿಡಿ, ಉಸುರ ಹಿಡಿ" ಎನ್ನುತ್ತಿದ್ದರು. ಆ ದಂಡೆ ಮುಟ್ಟಿದಳು. ಆಚೆಯ ಊರುಗಳಲ್ಲಿ ಒಬ್ಬ ಬಾಗಿಲು ಕೊಳ್ಳಲು ಬಂದ, ಒಬ್ಬ ಸೌದೆಗೆ ಕೇಳಿದ, ಒಬ್ಬ ಬಾಗಿಲ ಜೊತೆ ಅವಳನ್ನೂ ಇಟ್ಟುಕೊಳ್ಳುತ್ತೇನೆ ಅಂದ. ಅವಳು ನಿಲ್ಲಲಿಲ್ಲ. ಕಡೆಗೆ ಯಾರದೂ ಅಲ್ಲದ ಒಂದು ಬಯಲು. ಎರಡು ಜಾಲಿ ಮರ, ನಡುವೆ ಒಬ್ಬ ಮನುಷ್ಯ ಹಾಯುವಷ್ಟು ಜಾಗ. ಕಾಶವ್ವ ಚೌಕಟ್ಟನ್ನು ಆ ನಡುವೆ ನಿಲ್ಲಿಸಿ, ಸೆರಗು ಹರಿದು ಮರಕ್ಕೆ ಬಿಗಿದಳು. ಗೋಡೆಯಿಲ್ಲ, ಸೂರಿಲ್ಲ. ಬಾಗಿಲು ಒಂದೇ. ಹೊಸ್ತಿಲಿಗೆ ಕೈಮುಟ್ಟಿಸಿ ಕಣ್ಣಿಗೊತ್ತಿಕೊಂಡು, ದಾಟಿ ಆ ಕಡೆ ಹೋಗಿ, ಬಾಗಿಲು ಹಾಕಿ ಅಗಳಿ ಜಡಿದಳು.

ಸುತ್ತ ಬಯಲು ಬಟಾಬಯಲು. ಯಾರು ಬೇಕಾದರೂ ಬಳಸಿಕೊಂಡು ಹೋಗಿ ನೋಡಬಹುದು. ಪರದೆಯ ಮೇಲೆ ಯಾರೂ ಹೋಗಲಿಲ್ಲ. ಕತ್ತಲಾಯಿತು. ಬಾಗಿಲಿನ ಆಚೆ ದೀಪ ಹತ್ತಿತು. ನನ್ನ ಸುಳ್ಳಿನಿಂದ ಸೀಳಿದ್ದ ಹಲಗೆಯ ನಡುವಿನಿಂದ ಆ ಬೆಳಕು ಉದ್ದಕ್ಕೆ ಒಂದು ಗೆರೆಯಾಗಿ ಈಚೆ ಬಂತು. ಚಿತ್ರ ಅಲ್ಲಿಗೆ ಮುಗಿಯಿತು.

ಯಾರೂ ಏಳಲಿಲ್ಲ. ನಿದ್ದೆಗೆ ಬಂದಿದ್ದ ಅಜ್ಜ ಎಚ್ಚರವಾಗಿ ಕೂತಿದ್ದ. ಅಕ್ಕ ಪದ್ಧತಿಯಂತೆ ಮುಚ್ಚಿದ ಬಾಗಿಲಿಗೆ, "ಬರ್ತೀವವಾ ಕಾಶವ್ವ" ಅಂದಳು. ಒಳಗಿನಿಂದ ದನಿ ಬಂತು: "ಹೂಂ, ಹೋಗಿ ಬರ್ರಿ. ಮತ್ತ ಬಂದಾಗ ಬಾಗಲಾ ಬಡೀರಿ, ತಗೀತೀನಿ."

ತಿರುಗಿ ನೋಡಿದರೆ ಹಿಂದಿನ ಗೋಡೆಗೆ ಒರಗಿ ಶಾಂತಕ್ಕ ನಿಂತಿದ್ದಳು. ಯಾವಾಗ ಬಂದಳೋ. "ಕಣ್ಣಾಗ ಕಸ" ಎಂದು ಬಿರಬಿರನೆ ಹೊರಟುಹೋದಳು. ಮರುದಿನ ಪೆಟ್ಟಿಗೆ ಬಸ್ಸಿಗೇರಿಸುವಾಗ ನನ್ನನ್ನು ಕರೆಸಿ, ಮೈಕನ್ನು ಎದೆಗೆ ತಳ್ಳಿ, "ಇನ್ನ ಮ್ಯಾಲೆ ಏನೈತಿ ಅದನ್ನಷ್ಟ ಕೂಗು. ಇಲ್ಲದ್ದನ್ನ ಕೂಗಿದರ ಹಲ್ಲ ಮುರೀತೀನಿ" ಅಂದಳು. ಭರಮನ ಗಂಟಲು ಸರಿಹೋಗಿತ್ತು. ಆದರೂ ವಾರಕ್ಕೊಂದು ಮಧ್ಯಾಹ್ನ ಅವನಿಗೆ ಬಿಡುವು ಕೊಡಲು ಒಪ್ಪಿದಳು. ಆ ಮಧ್ಯಾಹ್ನಗಳಲ್ಲಿ ಯಾವ ಚಿತ್ರ ಎಂಬುದು ನನಗೆ ಬಿಟ್ಟದ್ದು.

ಮಂದಿ ಬದಲಾಗಿದ್ದಾರೆ ಎಂದೇನೂ ತಿಳಿಯಬೇಡಿ. ಮೊನ್ನೆ ಬಜಾರದಲ್ಲಿ ಒಬ್ಬ ಅದೇ ಪ್ರಶ್ನೆ ಕೇಳಿದ. ನಾನು ಸೈಕಲ್ಲಿನಿಂದ ಇಳಿದು ತೋಳು ಮಡಿಸುವಷ್ಟರಲ್ಲಿ ಉಸ್ತಾದರು ಹಿಂದಿನಿಂದ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. "ಫೈಟ್ ಬೇಕಂದ್ರ ಗರಡಿಗೆ ಬಾ, ಪುಕ್ಕಟ ತೋರಸ್ತೀನಿ. ಸಿನಿಮಾ ಬೇಕಂದ್ರ ಇಂವ ಹೇಳಿದ್ದಕ್ಕ ಹೋಗು." ಅವನು ಹೋದ. ಖುಷಿಯಿಂದ ಹೋಗಲಿಲ್ಲ, ಆದರೆ ಹೋದ.

ಅಕ್ಕ ಆ ವಾರವೇ ಬಡಿಗನನ್ನು ಕರೆಸಿದಳು. ಅಡ್ಡಕ್ಕೆ ಕಟ್ಟಿದ್ದ ಹಳೆಯ ಸೀರೆ ಬಿಚ್ಚಿ ಮಶೀನಿಗೆ ಹೊದಿಸಿದ್ದಾಳೆ. ಆ ಜಾಗದಲ್ಲಿ ಈಗ ತಗಡಿನ ಗೋಡೆ, ಅದಕ್ಕೊಂದು ಬೇವಿನ ಹಲಗೆಯ ಬಾಗಿಲು, ಒಳಗಿನಿಂದ ಅಗಳಿ. ನಿನ್ನೆ ಬಸ್ಸಿನಿಂದ ಇಳಿಸಿಕೊಂಡ ಪೆಟ್ಟಿಗೆಯ ಮೇಲೆ ಬ್ಯಾಂಡ್‌ಸೆಟ್ಟಿನವರ ಚಿತ್ರದ ಹೆಸರಿತ್ತು. ಊರಿಗೆ ಕೂಗುವ ಮುಂಚೆ ನೇರ ಮನೆಗೆ ಓಡಿ ಬಂದು ಆ ಬಾಗಿಲು ಬಡಿದೆ.

"ಅಕ್ಕಾ, ಮದುವಿಗೆ ಹೊಂಟ ಬ್ಯಾಂಡಿನವರು ಸತ್ತವರ ಮನಿಗೆ ಹೋಗ್ತಾರ. ಅಂಗಳದಾಗ ಕುಂತಾರ. ಮುಂದ ಏನ ಬಾರಸ್ತಾರೋ ಗೊತ್ತಿಲ್ಲ. ನಾಳೆ ಮಧ್ಯಾಹ್ನ ಆಟ. ಬರ್ತಿಯೇನು?"

ಮಶೀನಿನ ಸದ್ದು ನಿಂತಿತು. ಒಳಗೆ ಅಕ್ಕ ನಗು ತಡೆದುಕೊಳ್ಳುತ್ತಿರುವುದು ತಗಡಿನ ಆಚೆಗೂ ಗೊತ್ತಾಗುತ್ತಿತ್ತು.

"ಫೈಟ್ ಎಷ್ಟದಾವಲೇ?" ಎಂದು ಕೇಳುತ್ತಲೇ ಅವಳು ಅಗಳಿ ತೆಗೆದಳು.